ವೀಲ್‌ಚೇರ್ ಲಿಫ್ಟಿಗೆ ರೀಕಾಲ್ ಪತ್ರ ಬಂದಿದೆ: ಬಸ್ಸು ಓಡಿಸಬಹುದೇ?

ಪ್ರಶ್ನೆ: ಉಡುಪಿ–ಮಣಿಪಾಲ ಮಾರ್ಗದಲ್ಲಿ ನಮ್ಮ ನಾಲ್ಕು ಬಸ್ಸುಗಳು ಓಡುತ್ತವೆ. ನಾಲ್ಕಕ್ಕೂ ನಡುವಿನ ಬಾಗಿಲಲ್ಲಿ ವೀಲ್‌ಚೇರ್ ಲಿಫ್ಟ್ ಇದೆ, ಬಾಡಿ ಕಟ್ಟಿದವರೇ ಕೂರಿಸಿ ಕೊಟ್ಟದ್ದು. ಈಗ ಲಿಫ್ಟ್ ತಯಾರಿಸಿದ ಕಂಪನಿಯಿಂದ ರೀಕಾಲ್ ಪತ್ರ, ಅಂದರೆ ದೋಷವಿರುವುದನ್ನು ವಾಪಸು ಕರೆಸಿ ಸರಿಪಡಿಸುವ ಸೂಚನೆ, ಬಂದಿದೆ. ಲಿಫ್ಟಿನ ತೋಳಿನ ಪಿನ್ನನ್ನು ಹಿಡಿದಿಡುವ ಬೋಲ್ಟ್ ತುಂಡಾಗಿ ಪಿನ್ ಹೊರಗೆ ಜಾರಬಹುದು, ಬದಲಿ ಭಾಗ ಬರಲು ಆರು ವಾರ ಬೇಕು ಎಂದಿದ್ದಾರೆ. ಅಲ್ಲಿಯವರೆಗೆ ಬಸ್ ಓಡಿಸಬಹುದೇ? ನಮ್ಮ ಗ್ಯಾರೇಜಿನಲ್ಲೇ ಗಟ್ಟಿ ಬೋಲ್ಟ್ ಹಾಕಿಸಿದರೆ ಸಾಲದೇ? ಖರ್ಚು ಯಾರದ್ದು? ದಿನಾ ವೀಲ್‌ಚೇರಿನಲ್ಲಿ ಬರುವ ಇಬ್ಬರು ಪ್ರಯಾಣಿಕರಿದ್ದಾರೆ. ಅವರಿಗೆ ಏನು ಹೇಳುವುದು?

ಉತ್ತರ: ಬಸ್ ಓಡಬಹುದು. ಆದರೆ ಇವತ್ತಿನಿಂದ ಆ ಲಿಫ್ಟಿನ ಮೇಲೆ ಯಾರನ್ನೂ ಹತ್ತಿಸಬೇಡಿ. "ನಿಧಾನಕ್ಕೆ ಹತ್ತಿಸಿದರಾಯಿತು", "ಇಷ್ಟು ದಿನ ಏನೂ ಆಗಿಲ್ಲವಲ್ಲ" ಎಂಬ ಮಾತು ಈ ದೋಷಕ್ಕೆ ಸಲ್ಲುವುದಿಲ್ಲ. ಪಿನ್ ಜಾರುವ ದೋಷ ಬಹಳ ದಿನ ಸದ್ದಿಲ್ಲದೆ ಬೆಳೆದು ಕೊನೆಗೆ ಒಂದೇ ಕ್ಷಣದಲ್ಲಿ ಕೈಕೊಡುತ್ತದೆ. ಹೇಗೆಂದು ತಿಳಿದರೆ ಮುಂದೆ ಹೇಳುವುದೆಲ್ಲ ಏಕೆ ಎಂದು ತಾನಾಗಿ ಅರ್ಥವಾಗುತ್ತದೆ.

ಬಾಗಿಲಲ್ಲಿ ಕೂರುವ ಸಾಮಾನ್ಯ ಲಿಫ್ಟಿನಲ್ಲಿ ಎರಡು ಪಕ್ಕಕ್ಕೆ ಎರಡು ಕಂಬ, ಪ್ರತಿ ಕಂಬದಿಂದ ಮೇಲೊಂದು ಕೆಳಗೊಂದು ತೋಳು. ನಾಲ್ಕು ತೋಳುಗಳ ಎರಡೆರಡು ತುದಿಗೆ ಎಂಟು ಪಿನ್, ಎರಡು ಹೈಡ್ರಾಲಿಕ್ ಸಿಲಿಂಡರುಗಳ ತುದಿಗೆ ಇನ್ನು ನಾಲ್ಕು. ಒಟ್ಟು ಹನ್ನೆರಡು. ಪಿನ್ ತಿರುಗಬೇಕಾದ ಜಾಗ ಒಂದೇ, ಅದರ ಸುತ್ತ ಕೂರುವ ಕೊಳವೆಯಂಥ ಬುಷ್‌ನ ಒಳಗೆ. ಹೊರಗಿನ ಬ್ರಾಕೆಟ್ಟಿನಲ್ಲಿ ಅದು ಅಲುಗಬಾರದು, ಅದಕ್ಕೆಂದೇ ತಲೆಯ ಬಳಿ ಒಂದು ಚಿಕ್ಕ ಬೋಲ್ಟ್ ಅಥವಾ ತೋಡಿನಲ್ಲಿ ಕೂರುವ ಬಳೆಯಂಥ ಸರ್ಕ್ಲಿಪ್ ಇರುತ್ತದೆ. ಈಗ ಬುಷ್ ಒಣಗಿತು, ತುಕ್ಕು ಹಿಡಿಯಿತು ಎನ್ನಿ. ಪಿನ್ ಬುಷ್‌ಗೇ ಅಂಟಿಕೊಳ್ಳುತ್ತದೆ. ತೋಳು ಏರಿ ಇಳಿಯುವಾಗ ಎಲ್ಲಾದರೂ ತಿರುಗಲೇಬೇಕಲ್ಲ, ಆಗ ಪಿನ್ ಬ್ರಾಕೆಟ್ಟಿನೊಳಗೆ ತಿರುಗತೊಡಗುತ್ತದೆ. ಆ ತಿರುಚುವ ಬಲವೆಲ್ಲ ಬೀಳುವುದು ಆ ಚಿಕ್ಕ ಬೋಲ್ಟಿನ ಮೇಲೆ. ಅದನ್ನು ಮಾಡಿದ್ದು ಪಿನ್ ಪಕ್ಕಕ್ಕೆ ಸರಿಯದಂತೆ ತಡೆಯಲಿಕ್ಕೆ, ತಿರುಚುವ ಬಲ ಹೊರಲಿಕ್ಕಲ್ಲ. ಒಂದು ದಿನ ಅದರ ತಲೆ ಹಾರಿಹೋಗುತ್ತದೆ. ಅಲ್ಲಿಂದ ಮುಂದೆ ಲಿಫ್ಟ್ ಏರಿ ಇಳಿದಾಗಲೆಲ್ಲ ಪಿನ್ ಕೂದಲೆಳೆಯಷ್ಟು ಹೊರಗೆ ಸರಿಯುತ್ತದೆ. ಕೊನೆಗೆ ಒಂದು ಪಕ್ಕದ ತೋಳು ಕಳಚಿ ಪ್ಲಾಟ್‌ಫಾರ್ಮ್ ಅಡ್ಡಕ್ಕೆ ವಾಲುತ್ತದೆ. ಎದುರಿಗಿರುವ ತಡೆಪಟ್ಟಿ ಕುರ್ಚಿ ಮುಂದಕ್ಕೆ ಉರುಳದಂತೆ ಹಿಡಿಯಬಲ್ಲದೇ ಹೊರತು ಪಕ್ಕಕ್ಕೆ ಬೀಳುವ ಕುರ್ಚಿಯನ್ನಲ್ಲ. ಅಲ್ಲಿರುವುದು ಕೆಲವೇ ಅಂಗುಲ ಎತ್ತರದ ಅಂಚು ಮತ್ತು ಒಂದು ಕೈಹಿಡಿ. ಕುರ್ಚಿಯಲ್ಲಿ ಕುಳಿತವರಿಗೆ ಜಿಗಿದು ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ.

ಪ್ಲಾಟ್‌ಫಾರ್ಮನ್ನು ಬಸ್ಸಿನೊಳಗೆ ನಿಲ್ಲಿಸಿ ಮಡಚಿಟ್ಟಾಗಲೂ ಅದರ ಭಾರ ಇದೇ ಪಿನ್ನುಗಳ ಮೇಲೆ ಇರುತ್ತದೆ. ಆದ್ದರಿಂದ "ಬಸ್ ಓಡಬಹುದು" ಎಂದದ್ದಕ್ಕೆ ಷರತ್ತುಗಳಿವೆ. ಮೊದಲು ಹನ್ನೆರಡು ಪಿನ್ನುಗಳನ್ನೂ ನೋಡಿ. ಒಂದಾದರೂ ಹೊರಗೆ ಸರಿದಿದ್ದರೆ, ಒಂದು ಬೋಲ್ಟಿನ ತಲೆಯಾದರೂ ಇಲ್ಲದಿದ್ದರೆ ಆ ಬಸ್ಸನ್ನು ನಿಲ್ಲಿಸಿ, ಪ್ರಯಾಣಿಕರೊಂದಿಗೆ ಓಡಿಸಬೇಡಿ. ಎಲ್ಲ ಸರಿಯಿದ್ದರೆ ಲಿಫ್ಟನ್ನು ಪೂರ್ತಿ ಮಡಚಿ, ಅದರದೇ ಲಾಕ್ ಹಾಕಿ, ಮೇಲಿಂದ ಸರಕಿಗೆ ಕಟ್ಟುವ ರ‍್ಯಾಚೆಟ್ ಬೆಲ್ಟಿನಿಂದ ಬಸ್ಸಿನ ಕಂಬಕ್ಕೆ ಬಿಗಿಯಿರಿ. ಬೆಲ್ಟ್ ಹೋಸ್ ಮೇಲಾಗಲಿ ವಯರ್ ಮೇಲಾಗಲಿ ಹಾಯಬಾರದು. ಲಿಫ್ಟಿಗೆ ಹೊಂದಿಕೊಂಡ ಸೀಟುಗಳನ್ನು ಖಾಲಿ ಬಿಡಿ. ನೂರು ಕಿಲೋ ಮೀರುವ ಕಬ್ಬಿಣ ಅದು, ಮಣಿಪಾಲದ ಏರು ಹತ್ತುವಾಗ ಬಸ್ ಕುಲುಕಿದರೆ ಪಕ್ಕದಲ್ಲಿ ಕೂತವರ ಮೇಲೆ ಬರಬಾರದು. ಲಿಫ್ಟಿನ ಬಾಗಿಲಿಗೆ ಬೀಗ ಹಾಕಿ. ಆದರೆ ಅದೇ ಬಾಗಿಲು ತುರ್ತು ನಿರ್ಗಮನವೆಂದು ಗುರುತಾಗಿದ್ದರೆ ಬೀಗ ಹಾಕುವಂತಿಲ್ಲ, ಹಾಗಿದ್ದರೆ ಆ ಬಸ್ಸನ್ನು ದುರಸ್ತಿಯಾಗುವವರೆಗೆ ಹೊರಗಿಡುವುದೇ ಸರಿ.

ಇನ್ನು ವಿದ್ಯುತ್. ಬ್ಯಾಟರಿಯಿಂದ ಲಿಫ್ಟಿನ ಪಂಪಿಗೆ ದಪ್ಪ ಕೇಬಲ್ ಹೋಗಿರುತ್ತದೆ. ಲಿಫ್ಟ್ ಬಳಕೆಯಲ್ಲಿ ಇಲ್ಲದಾಗ ಅದರ ಬ್ರೇಕರನ್ನು ಮ್ಯಾನುಯಲ್ ಹೇಳುವಂತೆ ಆರಿಸಿಡಿ. ಆರಿಸಿದ ಮೇಲೆ ಬಸ್ ಚಲಿಸದೆ ಹೋದರೆ ಗಾಬರಿಯಾಗಬೇಡಿ: ಲಿಫ್ಟ್ ಮಡಚಿದೆ ಎಂಬ ಸೂಚನೆ, ಲಿಫ್ಟ್ ಹೊರಗಿರುವಾಗ ಬಸ್ ಚಲಿಸದಂತೆ ತಡೆಯುವ ಇಂಟರ್‌ಲಾಕಿಗೆ ತಲುಪುತ್ತಿಲ್ಲ ಎಂದರ್ಥ. ಆಗ ಎಲೆಕ್ಟ್ರಿಷಿಯನ್ ಕೊಡುವ ಸುಲಭದ ಸಲಹೆ ಎರಡು ವಯರ್ ಸೇರಿಸಿಬಿಡುವುದು. ಅದಕ್ಕೆ ಒಪ್ಪಬೇಡಿ. ಹೀಗೆ ಸೇರಿಸಿದ ವಯರನ್ನು ದುರಸ್ತಿಯ ದಿನ ಯಾರೂ ನೆನಪಿಟ್ಟು ಬಿಚ್ಚುವುದಿಲ್ಲ. ಮುಂದೆಂದೋ ಲಿಫ್ಟ್ ಹೊರಗಿರುವಾಗಲೇ ಬಸ್ ಮುಂದೆ ಹೋಗುತ್ತದೆ.

ಪಿನ್ ನೋಡುವುದಕ್ಕೆ ಬೇಕಾದ್ದು ಟಾರ್ಚ್, ಹಿಡಿಯುಳ್ಳ ಚಿಕ್ಕ ಕನ್ನಡಿ, ತಂತಿ ಬ್ರಷ್, ಅಳತೆ ಟೇಪ್, ಬಿಳಿ ಪೇಂಟ್. ಬಸ್ಸನ್ನು ಸಮತಟ್ಟು ಕಾಂಕ್ರೀಟಿನ ಮೇಲೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಅಡ್ಡ ಕೊಟ್ಟು, ಖಾಲಿ ಲಿಫ್ಟನ್ನು ನೆಲಕ್ಕಿಂತ ಸುಮಾರು 150 ಮಿಮೀ ಮೇಲೆ ನಿಲ್ಲಿಸಿ. ಪ್ಲಾಟ್‌ಫಾರ್ಮಿನ ಕೆಳಗೆ ಮರದ ತುಂಡುಗಳನ್ನು ಇಡದೆ ಯಾರೂ ಕೈ ಹಾಕಬಾರದು. ಮೊದಲ ನೋಟ ಪಿನ್ನಿನ ತಲೆಯ ಸುತ್ತ ಇರಲಿ. ಕುಂಕುಮದಂಥ ನುಣುಪಾದ ಕೆಂಪು ಪುಡಿ ಅಂಚಿಗೆ ಅಂಟಿದ್ದರೆ ಕಬ್ಬಿಣ ಕಬ್ಬಿಣವನ್ನು ಉಜ್ಜುತ್ತಿದೆ, ಅಂದರೆ ಪಿನ್ ತಿರುಗಬಾರದ ಕಡೆ ತಿರುಗುತ್ತಿದೆ. ಬರೀ ಮಳೆಗೆ ಹಿಡಿದ ತುಕ್ಕು ಹೆಚ್ಚಾಗಿ ಪದರಪದರವಾಗಿ ಏಳುತ್ತದೆ, ಬೆರಳಿಗೆ ಅಷ್ಟು ನುಣುಪಾದ ಪುಡಿಯಾಗಿ ಹತ್ತುವುದಿಲ್ಲ. ಈ ವ್ಯತ್ಯಾಸ ಬೆರಳಿಗೆ ಒಮ್ಮೆ ಗೊತ್ತಾದರೆ ಮರೆಯುವುದಿಲ್ಲ. ಅನಂತರ ಪಿನ್ನಿನ ತಲೆಯಿಂದ ಬ್ರಾಕೆಟ್ಟಿನ ಮೇಲೆ ಹಾಯುವಂತೆ ಪೇಂಟಿನಿಂದ ಒಂದು ನೇರ ಗೆರೆ ಎಳೆದು, ಒಣಗಿದ ಮೇಲೆ ಖಾಲಿ ಲಿಫ್ಟನ್ನು ಐದಾರು ಸಲ ಏರಿಸಿ ಇಳಿಸಿ. ಗೆರೆ ಮುರಿದಿದ್ದರೆ ಆ ಬುಷ್ ಹಿಡಿದುಕೊಂಡಿದೆ. ಟೇಪ್ ಹಿಡಿದು ಪ್ಲಾಟ್‌ಫಾರ್ಮಿನ ಎರಡೂ ಪಕ್ಕಗಳಿಂದ ನೆಲಕ್ಕಿರುವ ಎತ್ತರ ಬರೆದುಕೊಳ್ಳಿ. ಎರಡರ ಅಂತರ ಇಷ್ಟೇ ಇರಬೇಕೆಂಬ ಮಿತಿ ಮ್ಯಾನುಯಲ್‌ನಲ್ಲಿರುತ್ತದೆ. ಅದಕ್ಕಿಂತ ಮುಖ್ಯ, ಕಳೆದ ವಾರದ ಅಂತರಕ್ಕೂ ಈ ವಾರದ್ದಕ್ಕೂ ಹೆಚ್ಚಳ ಕಂಡಿತೇ ಎಂಬುದು.

ಪಿನ್ ಬ್ರಾಕೆಟ್ಟಿನ ವೆಲ್ಡಿಂಗ್ ಬದಿಯಲ್ಲಿ ದಾರದಂಥ ತುಕ್ಕಿನ ಗೆರೆ ಕಂಡರೆ ಬಣ್ಣ ಬಿರಿದದ್ದು ಎಂದುಕೊಂಡು ಬಿಡಬೇಡಿ. ಬ್ರಷ್‌ನಿಂದ ಉಜ್ಜಿ, ಸಣ್ಣ ಬಿರುಕನ್ನು ಬಣ್ಣದಿಂದ ತೋರಿಸುವ ಡೈ ಪೆನೆಟ್ರೆಂಟ್ ಕಿಟ್‌ನಿಂದ ನೋಡಿ: ಕ್ಲೀನರ್, ಕೆಂಪು ಬಣ್ಣ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಕಾಯುವುದು, ಒರೆಸುವುದು, ಬಿಳಿ ಡೆವಲಪರ್. ಬಿಳಿಯ ಮೇಲೆ ಕೆಂಪು ಗೆರೆ ಮೂಡಿದರೆ ಅದು ಬಿರುಕು. ಅದನ್ನು ಪತ್ರ ಕಳಿಸಿದ ಕಂಪನಿಗೆ ಫೋಟೊ ಸಮೇತ ಬರೆಯಿರಿ, ನೀವೇ ಬೆಸುಗೆ ಹಾಕಿಸಬೇಡಿ.

ಗಟ್ಟಿ ಬೋಲ್ಟಿನ ವಿಚಾರ. ಮಂಗಳೂರಿನ ಬಂದರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಆ ಅಳತೆಯ ಬೋಲ್ಟ್ ಖಂಡಿತ ಸಿಗುತ್ತದೆ, ತುಕ್ಕು ಹಿಡಿಯದ ಸ್ಟೀಲಿನದ್ದೂ ಸಿಗುತ್ತದೆ. ಕರಾವಳಿಗೆ ಸ್ಟೇನ್‌ಲೆಸ್ ಒಳ್ಳೆಯದಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಸಾಮಾನ್ಯ ಸ್ಟೇನ್‌ಲೆಸ್ ಬೋಲ್ಟ್ ಎ2-70 ದರ್ಜೆಯದ್ದು, ತಲೆಯ ಮೇಲೆ 8.8 ಎಂದಿರುವ ಉಕ್ಕಿನ ಬೋಲ್ಟಿಗಿಂತ ಬಲದಲ್ಲಿ ಕಡಿಮೆ: ಚದರ ಮಿಲಿಮೀಟರಿಗೆ ಒಂದು 700 ನ್ಯೂಟನ್, ಇನ್ನೊಂದು 800. ಬೋಲ್ಟ್ ಬದಲಿಸುವುದರಿಂದ ಮೂಲದ ರೋಗವೂ ಹೋಗುವುದಿಲ್ಲ. ಬುಷ್ ಹಿಡಿದುಕೊಂಡೇ ಇದ್ದರೆ 10.9 ದರ್ಜೆಯ ಬೋಲ್ಟ್ ಹಾಕಿದರೂ ಬೋಲ್ಟಿನ ಬದಲು ಬ್ರಾಕೆಟ್ಟಿನ ತೂತು ಅಗಲವಾಗುತ್ತದೆ. ಸರ್ಕ್ಲಿಪ್ ಬದಲು ತಂತಿ ಸುತ್ತುವುದು, ಪಿನ್ನನ್ನು ಬ್ರಾಕೆಟ್ಟಿಗೇ ಬೆಸೆದುಬಿಡುವುದು ಇವೆಲ್ಲ ಗ್ಯಾರೇಜುಗಳಲ್ಲಿ ನಡೆಯುವ ಕೆಲಸವೇ. ಬೆಸೆದ ಪಿನ್ನನ್ನು ಮುಂದೆ ರೀಕಾಲ್ ತಂತ್ರಜ್ಞ ಬಂದಾಗ ಕತ್ತರಿಸಿ ತೆಗೆಯಬೇಕಾಗುತ್ತದೆ, ಆಗ ಕಂಪನಿಗೆ ಕೈತೊಳೆದುಕೊಳ್ಳಲು ನೀವೇ ಕಾರಣ ಕೊಟ್ಟಂತಾಗುತ್ತದೆ.

ಪತ್ರದಲ್ಲಿರುವ ನಂಬರು ಯಾವುದು ಎಂದು ಗಮನಿಸಿ. ಲಿಫ್ಟಿಗೆ ಅದರದೇ ಸೀರಿಯಲ್ ನಂಬರ್ ಇರುತ್ತದೆ, ಕಂಬದ ಒಳಪಕ್ಕದಲ್ಲೋ ಪಂಪಿನ ಡಬ್ಬಿಯ ಮೇಲೋ ಇರುವ ತಗಡಿನಲ್ಲಿ. ಬಸ್ಸಿನ ಚಾಸಿಸ್ ನಂಬರಿಗೂ ಅದಕ್ಕೂ ಸಂಬಂಧವಿಲ್ಲ. ಕಂಪನಿಯ ಪಟ್ಟಿಯಲ್ಲಿ ನಿಮ್ಮ ಮೂರು ಬಸ್ಸು ಮಾತ್ರ ಇದ್ದರೂ ನಾಲ್ಕರ ತಗಡನ್ನೂ ಓದಿ. ಅಪಘಾತದಲ್ಲಿ ಜಖಂ ಆದ ಬಸ್ಸಿನ ಲಿಫ್ಟನ್ನು ಇನ್ನೊಂದಕ್ಕೆ ಕೂರಿಸಿದ್ದರೆ, ಬಾಡಿ ಕಟ್ಟುವವರು ಪಟ್ಟಿ ಬರೆಯುವಾಗ ಅದಲುಬದಲು ಮಾಡಿದ್ದರೆ, ಕಾಗದ ಒಂದು ಹೇಳುತ್ತದೆ, ಕಬ್ಬಿಣ ಇನ್ನೊಂದು. ಲಿಫ್ಟ್ ಅಮೆರಿಕದಿಂದ ಬಂದದ್ದಾದರೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಅಲ್ಲಿ ವಾಹನದ ರೀಕಾಲ್ ಬೇರೆ, ಉಪಕರಣದ ರೀಕಾಲ್ ಬೇರೆ. ವಾಹನದ 17 ಅಕ್ಷರಗಳ ನಂಬರ್ ಹಾಕಿ ಹುಡುಕಿದರೆ ಉಪಕರಣದ್ದು ಸಿಗುವುದಿಲ್ಲ. ನಾಲ್ಕೂ ತಗಡುಗಳ ಸ್ಪಷ್ಟ ಫೋಟೊ ತೆಗೆದು ಲಿಫ್ಟ್ ಕಂಪನಿಗೂ ಬಾಡಿ ಕಟ್ಟಿದವರಿಗೂ ಒಟ್ಟಿಗೆ ಇಮೇಲ್ ಮಾಡಿ, "ಇವು ರೀಕಾಲ್‌ನಲ್ಲಿ ಇವೆಯೇ, ಇಲ್ಲವೇ" ಎಂದು ಬರವಣಿಗೆಯಲ್ಲಿ ಉತ್ತರ ಕೇಳಿ.

ಖರ್ಚು ನಿಮ್ಮದಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಕಲಂ ಸೇರಿತು. ವಾಹನದಲ್ಲಿ ಸವಾರರಿಗೆ, ಚಾಲಕನಿಗೆ, ದಾರಿಹೋಕರಿಗೆ ಅಪಾಯ ತರುವ ದೋಷವಿದ್ದರೆ ಕೇಂದ್ರ ಸರ್ಕಾರ ರೀಕಾಲ್‌ಗೆ ಆದೇಶಿಸಬಹುದು. ದೋಷ ಒಂದು ಬಿಡಿಭಾಗದಲ್ಲಿದ್ದರೆ ಆ ಭಾಗ ಇರುವ ಎಲ್ಲ ವಾಹನಗಳನ್ನೂ, ಯಾವ ಮಾದರಿಯೇ ಆಗಿರಲಿ, ವಾಪಸು ಕರೆಸಬಹುದು. ತಯಾರಕರು ರಿಪೇರಿ ಮಾಡಿಕೊಡಬೇಕು, ಇಲ್ಲವೇ ವಾಹನ ಬದಲಿಸಿ ಕೊಡಬೇಕು, ಇಲ್ಲವೇ ಹಣ ಹಿಂದಿರುಗಿಸಬೇಕು. ತಾವಾಗಿಯೇ ದೋಷ ಕಂಡು ಸರ್ಕಾರಕ್ಕೆ ತಿಳಿಸಿ ರೀಕಾಲ್ ಮಾಡಿದವರಿಗೆ ದಂಡವಿಲ್ಲ. ಸರ್ಕಾರವೇ ಕಡ್ಡಾಯ ಮಾಡಬೇಕಾಗಿ ಬಂದರೆ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ. ಇದರ ನಿಯಮ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, 7 ವರ್ಷದೊಳಗಿನ ವಾಹನಗಳಿಗೆ ಅನ್ವಯ. ನಿಮ್ಮ ಬಸ್ಸುಗಳ ವಯಸ್ಸು ಅದರ ಹತ್ತಿರ ಬಂದಿದ್ದರೆ ಪತ್ರವ್ಯವಹಾರವನ್ನು ತಡಮಾಡಬೇಡಿ. ಕಂಪನಿ ಮತ್ತು ಬಾಡಿ ಕಟ್ಟಿದವರು ಒಬ್ಬರ ಮೇಲೊಬ್ಬರು ಹಾಕುತ್ತಾ ಕಾಲ ಕಳೆದರೆ ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ಪೋರ್ಟಲಿನ ವಾಹನ ರೀಕಾಲ್ ವಿಭಾಗದಲ್ಲಿ ದೂರು ದಾಖಲಿಸಿ.

ತಲೆನೋವೇ ಬೇಡ, ಲಿಫ್ಟ್ ಕಳಚಿ ಗೋಡೌನಿನಲ್ಲಿ ಹಾಕೋಣ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಬಸ್ಸುಗಳಲ್ಲಿ ವೀಲ್‌ಚೇರ್ ಒಳಬರುವ, ನಿಲ್ಲಿಸುವ, ಲಾಕ್ ಮಾಡುವ ವ್ಯವಸ್ಥೆಯ ಬಗ್ಗೆ 2019ರ ಡಿಸೆಂಬರಿನ ಅಧಿಸೂಚನೆ ಇದೆ, 2020ರ ಮಾರ್ಚ್ 1ರಿಂದ ಅನ್ವಯ. ಬಸ್ಸಿನ ರಚನೆಯನ್ನು ಆರ್‌ಟಿಒಗೆ ತಿಳಿಸದೆ ಬದಲಿಸುವುದಕ್ಕೆ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ.

ಈಗ ಆ ಇಬ್ಬರು ಪ್ರಯಾಣಿಕರು. ನಿಮ್ಮ ನಾಲ್ಕು ಪ್ರಶ್ನೆಗಳಲ್ಲಿ ತುರ್ತು ಇದಕ್ಕೇ. ಲಿಫ್ಟ್ ಬಂದ್ ಮಾಡುವ ಮೊದಲೇ ಅವರಿಗೆ ಫೋನ್ ಮಾಡಿ ತಿಳಿಸಿ. ಬೆಳಿಗ್ಗೆ ಸ್ಟಾಪಿನಲ್ಲಿ ಕಾದು ನಿಂತ ಮೇಲೆ ಕಂಡಕ್ಟರ್ ಬಾಗಿಲಿಂದ ಕೈ ಅಲ್ಲಾಡಿಸಿ "ಲಿಫ್ಟ್ ಇಲ್ಲ" ಎನ್ನುವಂತಾಗಬಾರದು. ಅಮೆರಿಕದ ಸಾರಿಗೆ ನಿಯಮದಲ್ಲಿ ಇದಕ್ಕೆ ಲೆಕ್ಕವೇ ಇದೆ. ಲಿಫ್ಟ್ ಕೆಟ್ಟ ಬಸ್ಸನ್ನು ಮರುದಿನದ ಸೇವೆಗೆ ಮೊದಲು ಹೊರತೆಗೆಯಬೇಕು. ಬದಲಿ ಬಸ್ ಇಲ್ಲವಾದರೆ 50,000ಕ್ಕಿಂತ ಹೆಚ್ಚು ಜನರಿರುವ ಊರಲ್ಲಿ 3 ದಿನ, ಅದಕ್ಕಿಂತ ಚಿಕ್ಕ ಊರಲ್ಲಿ 5 ದಿನ ಮಾತ್ರ ಓಡಿಸಬಹುದು. ಲಿಫ್ಟ್ ಇರುವ ಮುಂದಿನ ಬಸ್ಸಿಗೆ 30 ನಿಮಿಷಕ್ಕಿಂತ ಹೆಚ್ಚು ಕಾಯಬೇಕಾದರೆ ಬಸ್ ಓಡಿಸುವ ಸಂಸ್ಥೆಯೇ ಬೇರೆ ವಾಹನ ಕೊಡಬೇಕು. ಆ ಕಾನೂನು ಇಲ್ಲಿ ನಡೆಯುವುದಿಲ್ಲ, ಆದರೆ ಆ 30 ನಿಮಿಷದ ಗೆರೆಯನ್ನು ನಿಮ್ಮ ಡಿಪೋಗೆ ಎರವಲು ತರಲು ಅಡ್ಡಿಯಿಲ್ಲ. ಉಡುಪಿ–ಮಣಿಪಾಲದ ನಡುವೆ ಬಸ್ಸಿಗೆ ಬರವಿಲ್ಲ ನಿಜ. ಹಿಂದೆ ಬರುವ ಹತ್ತು ಬಸ್ಸಿಗೂ ಲಿಫ್ಟ್ ಇಲ್ಲದಿದ್ದರೆ ಅವರ ಪಾಲಿಗೆ ಆ ಹತ್ತೂ ಇಲ್ಲದ ಹಾಗೆಯೇ. ಆರು ವಾರಕ್ಕೆ ರ‍್ಯಾಂಪ್ ಇರುವ ವ್ಯಾನ್ ಗೊತ್ತುಮಾಡಿ, ಟಿಕೆಟ್ ದರ ಬಸ್ಸಿನದ್ದೇ ಇರಲಿ, ಮೇಲಿನ ಖರ್ಚಿನ ಬಿಲ್ಲುಗಳನ್ನು ಕೂಡಿಟ್ಟು ಲಿಫ್ಟ್ ಕಂಪನಿಯಿಂದ ಕೇಳಿ.

ಮಡಚುವ ರ‍್ಯಾಂಪ್ ತಂದು ಬಸ್ಸಿಗೇ ಹಚ್ಚಬಹುದೇ ಎಂದು ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ. ನೆಲ 900 ಮಿಮೀ ಎತ್ತರವಿರುವ ಬಸ್ಸಿಗೆ ಒಂದಕ್ಕೆ ಆರರ ಕಡಿದಾದ ಇಳಿಜಾರು ಕೊಟ್ಟರೂ 5.4 ಮೀಟರ್ ಉದ್ದ ಬೇಕು. ಕಟ್ಟಡಗಳಲ್ಲಿ ಇರುವ ಒಂದಕ್ಕೆ ಹನ್ನೆರಡಾದರೆ 10.8 ಮೀಟರ್, ಒಂದು ಇಡೀ ಬಸ್ಸಿನುದ್ದ. 400 ಮಿಮೀ ಲೋ ಫ್ಲೋರ್ ಬಸ್ಸಿಗಾದರೆ 2.4 ಮೀಟರಿಗೆ ಮುಗಿಯುತ್ತದೆ, 150 ಮಿಮೀ ಎತ್ತರದ ಕಟ್ಟೆಯಿರುವ ಸ್ಟಾಪಿನಲ್ಲಿ ಒಂದೂವರೆ ಮೀಟರ್ ಸಾಕು. ಎತ್ತರದ ಬಸ್ಸಿಗೆ ಆ ದಾರಿ ಇಲ್ಲ. ನಾಲ್ಕು ಜನ ಸೇರಿ ಕುರ್ಚಿ ಸಮೇತ ಎತ್ತುವುದೂ ಬೇಡ. ಬ್ಯಾಟರಿ ಕುರ್ಚಿಯೊಂದೇ ನೂರು ಕಿಲೋ ಮುಟ್ಟಬಹುದು, ಕೈಕುರ್ಚಿಯಲ್ಲಿ ಎತ್ತಲು ಹಿಡಿದ ಕೈಹಿಡಿ, ಕಾಲುಮೆಟ್ಟು ಕೈಯಲ್ಲೇ ಕಳಚಿಬರುತ್ತವೆ. ಅವು ಬಿಚ್ಚಲೆಂದೇ ಮಾಡಿದ ಭಾಗಗಳು.

ದುರಸ್ತಿಯ ದಿನ ನಿಮ್ಮ ಸೂಪರ್‌ವೈಸರ್ ಪಕ್ಕದಲ್ಲೇ ಇರಲಿ. ಎರಡೂ ಪಕ್ಕದ ಭಾಗ ಬದಲಾಗಬೇಕು, ಕೆಟ್ಟದ್ದು ಒಂದೇ ಪಕ್ಕ ಆಗಿದ್ದರೂ. ಬುಷ್ ಸಲೀಸಾಗಿ ತಿರುಗುತ್ತದೆಯೇ ಎಂದು ಪಿನ್ ಹೊರಗಿರುವಾಗಲೇ ಕೈಯಿಂದ ತಿರುಗಿಸಿ ತೋರಿಸಲು ಹೇಳಿ. ಬೋಲ್ಟನ್ನು ಟಾರ್ಕ್ ವ್ರೆಂಚಿನಿಂದಲೇ ಬಿಗಿಯಬೇಕು, ಬಿಗಿದ ಮೇಲೆ ಪೇಂಟಿನ ಗೆರೆ ಎಳೆಯಬೇಕು. ತೆಗೆದ ಹಳೇ ಭಾಗಗಳನ್ನು ಎಣಿಸಿ. ಲಿಫ್ಟ್ ಸೀರಿಯಲ್, ಚಾಸಿಸ್ ನಂಬರ್, ದಿನಾಂಕ, ಲಿಫ್ಟ್ ಎಷ್ಟು ಸಲ ಏರಿಳಿಯಿತೆಂದು ಅದರ ಕೌಂಟರ್ ತೋರಿಸುವ ಸಂಖ್ಯೆ ಇಷ್ಟೂ ಇರುವ ರಸೀದಿ ಪಡೆಯಿರಿ.

ಆಮೇಲೆ ಭಾರದ ಪರೀಕ್ಷೆ, ಮನುಷ್ಯರನ್ನು ನಿಲ್ಲಿಸಿ ಅಲ್ಲ. ಅಮೆರಿಕದ ವಾಹನ ಸುರಕ್ಷತಾ ನಿಯಮಗಳ 403ನೇ ಮಾನದಂಡದಂತೆ ತಯಾರಾದ ಸಾರ್ವಜನಿಕ ಬಸ್ಸಿನ ಲಿಫ್ಟಾದರೆ ಅದು 272 ಕಿಲೋ ಹೊರಬೇಕು. 50 ಕಿಲೋದ ಐದು ಸಿಮೆಂಟ್ ಚೀಲ, ತೂಗಿದ 22 ಕಿಲೋ ಮರಳು. ತಗಡಿನಲ್ಲಿ ಬೇರೆ ಭಾರ ಬರೆದಿದ್ದರೆ ಅದೇ ನಿಮ್ಮ ಲೆಕ್ಕ. ಚೀಲಗಳನ್ನು ನಡುವೆ ಇಟ್ಟು ಕಟ್ಟಿ ಮೂರು ಸಲ ಏರಿಸಿ ಇಳಿಸಿ. ಸ್ಟಾಪ್‌ವಾಚ್ ಹಿಡಿಯಿರಿ: ಆ ಮಾನದಂಡದಲ್ಲಿ ವೇಗ ಸೆಕೆಂಡಿಗೆ 152 ಮಿಮೀ ಮೀರುವಂತಿಲ್ಲ, ಅಂದರೆ 900 ಮಿಮೀ ಇಳಿಯಲು ಸುಮಾರು ಆರು ಸೆಕೆಂಡಾದರೂ ಹಿಡಿಯಬೇಕು. ಅದಕ್ಕಿಂತ ಬೇಗ ಬಂದರೆ ಇಳಿಯುವ ವೇಗ ತಡೆಯುವ ವಾಲ್ವ್ ಕೆಲಸ ಮಾಡುತ್ತಿಲ್ಲ. ಮೇಲಿಟ್ಟು ಹತ್ತು ನಿಮಿಷ ಬಿಟ್ಟಾಗ ತಾನಾಗಿ ಇಳಿಯತೊಡಗಿದರೆ ಸಿಲಿಂಡರ್ ಸೀಲನ್ನೋ ವಾಲ್ವನ್ನೋ ನೋಡಿಸಿ. ಎಣ್ಣೆ ಕಡಿಮೆಯಾಗಿದೆ ಎಂದು ಬ್ರೇಕ್ ಆಯಿಲ್ ಸುರಿದುಬಿಡುವವರಿದ್ದಾರೆ, ಅದರಿಂದ ಸೀಲುಗಳು ಊದಿಕೊಂಡು ಹಾಳಾಗುತ್ತವೆ.

ಇಂಟರ್‌ಲಾಕಿಗೆ ಮೂರು ಚಿಕ್ಕ ಪರೀಕ್ಷೆ. ಸಮತಟ್ಟು ಜಾಗದಲ್ಲಿ ಚಕ್ರಕ್ಕೆ ಅಡ್ಡ ಕೊಟ್ಟು ಹ್ಯಾಂಡ್ ಬ್ರೇಕ್ ಬಿಟ್ಟರೆ ಲಿಫ್ಟ್ ಬಟನ್ ಒತ್ತಿದರೂ ಅಲುಗಬಾರದು. ಪ್ಲಾಟ್‌ಫಾರ್ಮ್ ಮೇಲೆ 25 ಕಿಲೋದ ಕುಚ್ಚಲಕ್ಕಿ ಚೀಲವಿಟ್ಟು ಮಡಚುವ ಬಟನ್ ಒತ್ತಿ, ಮಡಚಬಾರದು. ಮಾನದಂಡದ ಮಿತಿ 23 ಕಿಲೋ, ಒಂದು ಮಗು ನಿಂತಿದ್ದರೂ ಗೊತ್ತಾಗಬೇಕು ಎಂಬುದು ಅದರ ಉದ್ದೇಶ. ಎದುರಿನ ತಡೆಪಟ್ಟಿ ಮೇಲೇಳದಂತೆ ಅದರ ಮೇಲೊಂದು ಚೀಲವಿಟ್ಟು ಏರಿಸಿದರೆ ಪ್ಲಾಟ್‌ಫಾರ್ಮ್ ನೆಲದಿಂದ 75 ಮಿಮೀ ದಾಟುವ ಮೊದಲೇ ನಿಲ್ಲಬೇಕು. ಕೊನೆಗೆ ಬ್ರೇಕರ್ ಆರಿಸಿ, ಕೈಪಂಪಿನಿಂದ ಡ್ರೈವರನೇ ಒಮ್ಮೆ ಇಳಿಸಿ ಏರಿಸಲಿ. ಪಂಪಿನ ಹಿಡಿ ಎಲ್ಲಿದೆ ಎಂದು ಹುಡುಕುವ ಹೊತ್ತು ಮಳೆಯಲ್ಲಿ ಅರ್ಧಕ್ಕೆ ನಿಂತ ಲಿಫ್ಟಿನ ಮೇಲೆ ಜನ ಕೂತಿರುವಾಗ ಬರಬಾರದು.

ರೀಕಾಲ್ ಮುಗಿದರೂ ನಮ್ಮ ಉಪ್ಪುಗಾಳಿ, ಆಟಿ ತಿಂಗಳ ಮಳೆ ಹಾಗೇ ಇರುತ್ತವೆ. ಮಲ್ಪೆಯಿಂದ ಮಣಿಪಾಲ ಬಹಳ ದೂರವಿಲ್ಲ, ಬುಷ್ ಒಣಗಿ ಹಿಡಿಯುವುದು ಒಳನಾಡಿಗಿಂತ ಇಲ್ಲಿ ಬೇಗ. ವಾರಕ್ಕೊಮ್ಮೆ ಸಿಹಿನೀರಿನಲ್ಲಿ ಉಪ್ಪು, ಕೆಂಪು ಮಣ್ಣು ತೊಳೆಯಿರಿ, ಸರ್ವಿಸ್ ಸ್ಟೇಷನ್ನಿನ ಜೆಟ್ ಪಿನ್ನಿಗೂ ಸ್ವಿಚ್ಚಿಗೂ ನೇರ ಹಿಡಿಯಬೇಡಿ, ಇದ್ದ ಗ್ರೀಸ್ ಹೋಗಿ ನೀರು ಒಳಸೇರುತ್ತದೆ. ಗ್ರೀಸ್ ಹಾಕುವ ಮೊದಲು ಮ್ಯಾನುಯಲ್ ನೋಡಿ. ಒಳಗೆ ಪ್ಲಾಸ್ಟಿಕ್ ಪದರವಿರುವ ಕೆಲವು ಬುಷ್‌ಗಳಿಗೆ ಗ್ರೀಸೇ ಬೇಡ. ಗ್ರೀಸ್ ತುಂಬುವ ನಿಪ್ಪಲ್ ಇದ್ದರೆ ಹಳೇ ಗ್ರೀಸ್ ಅಂಚಿನಿಂದ ಹೊರಬರುವವರೆಗೆ ಪಂಪ್ ಮಾಡಿ, ಉಪ್ಪುನೀರು ತಡೆಯುವ ದರ್ಜೆಯದ್ದು ಮಲ್ಪೆ ಬಂದರಿನ ಬೋಟ್ ಸಾಮಾನಿನ ಅಂಗಡಿಯಲ್ಲಿ ಕೇಳಬಹುದು, ಹಳೆಯದರ ಜೊತೆ ಬೆರೆಯುವ ಜಾತಿಯೇ ಎಂದು ವಿಚಾರಿಸಿಕೊಂಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ, ಉಳಿದ ಕಾಲ ತಿಂಗಳಿಗೊಮ್ಮೆ, ಆ ಬಿಳಿ ಗೆರೆಗಳು ನೇರವಾಗಿಯೇ ಇವೆಯೇ ಎಂದು ಹನ್ನೆರಡನ್ನೂ ಟಾರ್ಚ್ ಹಿಡಿದು ನೋಡಿ ರಿಜಿಸ್ಟರಿನಲ್ಲಿ ಬರೆದಿಡಿ.